ಕೇಳಿದ್ದು ಕೇಳಿದ ಹಾಗೆ

ಈ ಹೆಡ್‌ಫೋನಿನ ಸ್ಪಂಜಿಗೆ ಎಷ್ಟು ಜನರ ಕಿವಿಯ ಜಿಡ್ಡು ಇಳಿದಿದೆಯೋ, ಬೆಳಿಗ್ಗೆಯಿಂದ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆ, ಆದರೂ ಹಾಕಿಕೊಂಡ ಕೂಡಲೇ ಅದೇ ಹಳಸಲು ವಾಸನೆ, ಅದೇ ಬೆಚ್ಚಗಿನ ಅಂಟು, ಬಾಯಿ ತೊಳೆಯದವನೊಬ್ಬ ಪಕ್ಕದಲ್ಲೇ ಬಂದು ಕೂತ ಹಾಗೆ — ಟಕ್, ಟಕ್ — ಏನದು ಸದ್ದು, ಮೈಕಿನ ತಂತಿ ಸಡಿಲವಾಯಿತೇ, ಅಲ್ಲ, ಗಾಜಿನ ಆಚೆ ಅವನ ಬೆರಳು, ದರ್ಜಿಯ ನಡುಬೆರಳು, ಅದರ ತುದಿಗೆ ಇನ್ನೂ ಆ ಲೋಹದ ಟೋಪಿ ಇದೆ, ಸೂಜಿ ಚುಚ್ಚಬಾರದೆಂದು ಹೊಲಿಯುವವರು ತೊಡುತ್ತಾರಲ್ಲ ಅದು, ಹತ್ತು ಗಂಟೆಗೆ ಅಂಗಡಿಯಿಂದ ಎಬ್ಬಿಸಿ ತರುವಾಗ ಯಾರ ಕೋಟಿಗೆ ಗುಂಡಿ ಹಾಕುತ್ತಿದ್ದನೋ, ಬೆಲ್ಟು ಬಿಚ್ಚಿಸಿದರು, ಗಡಿಯಾರ ಬಿಚ್ಚಿಸಿದರು, ಚಪ್ಪಲಿಯನ್ನೂ ಬಿಡಲಿಲ್ಲ, ಬೆರಳ ಟೋಪಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ, ಎಂಥ ಗಟ್ಟಿಗರು ನಮ್ಮವರು, ಇವರ ಕೈಯಲ್ಲಿ ದೇಶದ ಭದ್ರತೆ. ಅವನಿಗೆ ನಾನು ಕಾಣುವುದಿಲ್ಲ, ಅವನ ಕಡೆಯಿಂದ ಅದು ಕನ್ನಡಿ, ಆಗಾಗ ತಲೆ ಎತ್ತಿ ತನ್ನ ಮುಖವನ್ನೇ ನೋಡಿ ನಾಚಿಕೊಂಡವನಂತೆ ತಲೆ ತಗ್ಗಿಸುತ್ತಾನೆ. ಎದುರಿಗೆ ನಮ್ಮ ಸಾಹೇಬ, ಬೆನ್ನ ಹಿಂದೆ ನಾವೆಲ್ಲ ಹಲ್ಲುಕಡ್ಡಿ ಅನ್ನುವುದು, ಬಾಯಲ್ಲಿ ಕಡ್ಡಿಯಿಲ್ಲದೆ ಅವನನ್ನು ನೋಡಿದವರಿಲ್ಲ, ಈಗಲೂ ಕಡ್ಡಿ ತೆಗೆದು ಅದರ ತುದಿ ನೋಡಿ, ಮೂಸಿ, ಮತ್ತೆ ಬಾಯಿಗೇ ಇಟ್ಟ, ಥೂ, ಅವನು ಕೇಳುತ್ತಿದ್ದಾನೆ, ಪೆಟ್ಟಿಗೆ ಯಾವತ್ತು ತಂದುಕೊಟ್ಟೆ ನಿಮ್ಮಕ್ಕನಿಗೆ, ದರ್ಜಿ ಹೇಳುತ್ತಾನೆ, ಯಾವ ಪೆಟ್ಟಿಗೆ ಸಾರ್, ನಾನು ಯಾವ ಪೆಟ್ಟಿಗೇನೂ ತಂದಿಲ್ಲ ಸಾರ್, ನಾನು ಟೈಪು ಮಾಡುತ್ತೇನೆ, ಯಾವ ಪೆಟ್ಟಿಗೆ ಸಾರ್, ಎರಡೂ ಸಾರ್‌ಗಳನ್ನು ಬಿಡದೆ. ಹದಿನಾಲ್ಕು ವರ್ಷಗಳಿಂದ ನನ್ನ ಕೆಲಸ ಇದೇ, ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ, ಕೆಮ್ಮಿದರೆ ಕೆಮ್ಮು ಎಂದು, ಅತ್ತರೆ ಅಳು ಎಂದು.

ಅವನು ಸುಳ್ಳು ಹೇಳುತ್ತಿಲ್ಲ, ಪೆಟ್ಟಿಗೆ ತಂದವನು ನಾನು. ಎಂಟು ತಿಂಗಳಿಂದ ಅವನ ಅಕ್ಕನ ಮನೆಯ ತಾರಸಿ ಕೋಣೆಯಲ್ಲಿ ಬಾಡಿಗೆಗಿದ್ದೇನೆ, ಔಷಧಿ ಕಂಪನಿಯವನೆಂದು ಹೇಳಿಕೊಂಡು, ಮಾದರಿ ಗುಳಿಗೆಗಳ ಚೀಲ ನೇತುಹಾಕಿಕೊಂಡು. ಅವಳು ಬಂದರಿನ ಕಚೇರಿಯಲ್ಲಿ ನಕ್ಷೆ ಬರೆಯುವಾಕೆ, ಅಲ್ಲಿಂದ ಯಾವುದೋ ನಕ್ಷೆ ಹೊರಗೆ ಹೋಯಿತೆಂದು ಮೇಲಿನವರಿಗೆ ಅನುಮಾನ, ಅನುಮಾನಕ್ಕೆ ಕಾಲು ಬಂದು ಅವಳ ಮನೆ ಬಾಗಿಲಿಗೆ ಹೋಯಿತು, ನಾವು ಕಣ್ಣಿಡುವವರಿಗೆಲ್ಲ ಹಲ್ಲುಕಡ್ಡಿ ತರಕಾರಿ ಹೆಸರಿಡುತ್ತಾನೆ, ಇವಳು ಸಣಕಲಿ, ಅದಕ್ಕೇ ಹೀರೇಕಾಯಿ, ಹೇಳಿ ತಾನೇ ನಕ್ಕಿದ್ದ. ಮೊದಲ ವಾರ ನಾನು ಮೇಡಂ ಅಂದಾಗ ಅವಳು ಸೊಂಟದ ಮೇಲೆ ಕೈಯಿಟ್ಟು, ಮೇಡಂ ಅಂತೆ ಮೇಡಂ, ನಾನೇನು ನಿನಗೆ ಪಾಠ ಮಾಡಿದೀನಾ, ಅಕ್ಕ ಅನ್ನು, ನಿನ್ನ ವಯಸ್ಸಿನವನೇ ತಮ್ಮ ಒಬ್ಬ ಇದಾನೆ ನನಗೂ, ಅವತ್ತಿನಿಂದ ನಾನು ಅವಳಿಗೆ ತಮ್ಮ, ಮೆಟ್ಟಿಲಲ್ಲಿ ಸಿಕ್ಕರೆ ತಮ್ಮಾ, ಬಲ್ಬು ಹೋದರೆ ತಮ್ಮಾ, ವರದಿಯಲ್ಲಿ ನಾನು ಬರೆದೆ, ವಿಶ್ವಾಸ ಗಳಿಸಲಾಯಿತು. ಆ ಗಳಿಸಲಾಯಿತು ಎಂಬ ಮಾತು ಈಗ ನೆನೆದರೆ ನಾಲಿಗೆ ಉಜ್ಜಿ ತೊಳೆಯಬೇಕೆನಿಸುತ್ತದೆ.

ಕಳೆದ ಸೋಮವಾರ ಗೇಟಿನ ಹತ್ತಿರ ಆಟೋದವನು ಒಂದು ಮರದ ಪೆಟ್ಟಿಗೆ ಇಳಿಸಿ ಹೋದ, ಅವಳು ಅದರ ಸುತ್ತ ಸುತ್ತುತ್ತಿದ್ದಳು, ನನಗೆ ಏನನಿಸಿತೋ, ಎತ್ತಿ ಹೆಗಲಿಗಿಟ್ಟುಕೊಂಡೆ, ಎರಡು ಮಹಡಿ, ಕಬ್ಬಿಣದ ಭಾರ, ಮುಚ್ಚಳ ತೆಗೆದು ತೋರಿಸಿದಳು, ಹೊಲಿಗೆ ಮೆಷಿನ್ನು, ಹಳೆಯದೇ, ಆದರೆ ಉಜ್ಜಿ ಉಜ್ಜಿ ಕಪ್ಪಗೆ ಹೊಳೆಯುತ್ತಿತ್ತು, ಅವನ ಮೆಷಿನ್ನು ಹತ್ತು ಹೊಲಿಗೆಗೆ ನಾಲ್ಕು ಬಿಡುತ್ತೆ ತಮ್ಮಾ, ಗಿರಾಕಿಗಳ ಕೈಲಿ ಬೈಸಿಕೊಂಡು ಬೈಸಿಕೊಂಡು ಸೋತಿದಾನೆ, ಭಾನುವಾರ ಊಟಕ್ಕೆ ಬರ್ತಾನಲ್ಲ, ಆಗ ಮಂಚದ ಕೆಳಗಿಂದ ಎಳೆದು ತೋರಿಸ್ತೀನಿ, ಮುಖ ನೋಡಬೇಕು ಅವನದು, ಅಲ್ಲೀವರೆಗೂ ಗುಟ್ಟು. ಅವತ್ತೇ ಸಂಜೆ ಗೆಳತಿಗೆ ಫೋನು, ನಾನು ಅವಳ ತಲೆಯ ಮೇಲಿನ ಕೋಣೆಯಲ್ಲೇ ಹೆಡ್‌ಫೋನು ಹಾಕಿಕೊಂಡು ಕೂತಿದ್ದೆ, ತಮ್ಮ ಪೆಟ್ಟಿಗೆ ತಂದುಕೊಟ್ಟ ಕಣೇ, ಮಂಚದ ಕೆಳಗಿಟ್ಟಿದೀನಿ, ಭಾನುವಾರದ ತನಕ ಯಾರ ಹತ್ರಾನೂ ಬಾಯಿ ಬಿಡಬೇಡ. ತಮ್ಮ ಅಂದಳು, ಮೇಲಿನ ಕೋಣೆಯವನು ಅನ್ನಲಿಲ್ಲ, ಬಾಡಿಗೆಯವನು ಅನ್ನಲಿಲ್ಲ, ನನಗೆ ಎದೆ ತುಂಬಿ ಬಂತು, ಆ ಸಂತೋಷದಲ್ಲೇ ಟೈಪು ಮಾಡಿದೆ, ಕೇಳಿದ್ದು ಕೇಳಿದ ಹಾಗೆ, ತಮ್ಮ ಪೆಟ್ಟಿಗೆ ತಂದುಕೊಟ್ಟ. ಕೆಳಗೆ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು, ಇಲ್ಲಿ ತಮ್ಮ ಎಂದರೆ ನಾನು, ಒಳಗಿರುವುದು ಹೊಲಿಗೆ ಮೆಷಿನ್ನು, ಬರೆಯಲಿಲ್ಲ, ಏಕೆಂದರೆ ನಾವು ಕಣ್ಣಿಟ್ಟವರ ಮನೆಯ ಕಡ್ಡಿಯನ್ನೂ ಎತ್ತಿಡಬಾರದು, ಹತ್ತಿರ ಹೋಗು, ಹತ್ತಿರದವನಾಗಬೇಡ, ಕೆಲಸಕ್ಕೆ ಸೇರಿದ ದಿನ ಹೇಳಿಕೊಡುವ ಮೊದಲ ಪಾಠ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವನು, ದಪ್ಪ ಕನ್ನಡಕದವನು, ತಾನು ಕಣ್ಣಿಟ್ಟವರ ಮನೆಯ ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದ, ಅಷ್ಟೇ, ಅವನನ್ನು ಇದೇ ಗಾಜಿನ ಆಚೆ ಕೂರಿಸಿದರು, ಟೈಪು ಮಾಡಿದವನು ನಾನೇ, ಆಮೇಲೆ ಅವನು ಎಲ್ಲಿಗೆ ಹೋದನೆಂದು ಅವನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಟಕ್, ಟಕ್, ನಿಲ್ಲಿಸಬಾರದೇ ಇವನು. ಹನ್ನೊಂದೂವರೆಗೆ ಹಲ್ಲುಕಡ್ಡಿ ಕಾರಿಡಾರಿಗೆ ಬಂದು ನೀರು ಕುಡಿಯುವಾಗ ನಾನೂ ಎದ್ದು ಹೋದೆ, ಸಾರ್, ತಮ್ಮ ಅಂದರೆ ಒಡಹುಟ್ಟಿದವನೇ ಆಗಬೇಕಂತಿಲ್ಲ, ನಮ್ಮ ಕಡೆ ಚಿಕ್ಕವರನ್ನ ಯಾರನ್ನಾದರೂ ಹಾಗೇ ಕರೀತಾರಲ್ಲ ಸಾರ್, ಅವನು ಕಡ್ಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ, ಹೌದಾ, ಹಾಗಾದ್ರೆ ಯಾರನ್ನ ಕರೀತಾಳಯ್ಯಾ ಅವಳು ಹಾಗೆ, ಹೇಳು, ಅವನನ್ನೂ ತರಿಸೋಣ, ಕುರ್ಚಿಗೇನು ಬರವೇ. ಆಗ ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು, ನಾನು ನೋಡುತ್ತಿದ್ದದ್ದು ಅವನ ಕೆಳತುಟಿಗೆ ಅಂಟಿದ್ದ ಬಿಳಿ ನಾರನ್ನು, ಹೇಸಿಗೆಯಿಂದ ಕಣ್ಣು ಕೀಳಲಾಗದೆ, ಯಾರೂ ಇಲ್ಲ ಸಾರ್, ಸುಮ್ಮನೆ ಹೇಳಿದೆ ಅಂದೆ, ನನ್ನ ಧ್ವನಿ ಎಷ್ಟು ಸಲೀಸಾಗಿತ್ತು, ಅವನು ನನ್ನ ಹೆಗಲು ತಟ್ಟಿದ, ನೀನು ಕೇಳಿದ್ದನ್ನ ಬರಿ, ವ್ಯಾಕರಣ ನನಗೆ ಬಿಡು. ಆ ಹೆಗಲು ಇನ್ನೂ ಎಣ್ಣೆ ಮುಟ್ಟಿದ ಹಾಗಿದೆ, ತೊಳೆದರೂ ಹೋಗುವಂಥದ್ದಲ್ಲ, ಹೆಗಲೂ ನನ್ನದೇ, ಅದೇ ಹೆಗಲ ಮೇಲೆ ಪೆಟ್ಟಿಗೆ ಹೊತ್ತಿದ್ದೆ.

ಹನ್ನೆರಡಕ್ಕೆ ನನ್ನ ಜೇಬಿನ ಫೋನು ನಡುಗಿತು, ಔಷಧಿ ಕಂಪನಿಯವನ ಫೋನು, ಅವಳೇ, ಉಸಿರು ಸಿಕ್ಕಿಕೊಂಡಿದೆ, ತಮ್ಮಾ, ಎಲ್ಲಿದೀಯಪ್ಪಾ, ನನ್ನ ತಮ್ಮನ್ನ ಅಂಗಡಿಯಿಂದ ಯಾರೋ ಕರ್ಕೊಂಡು ಹೋದರಂತೆ, ಪಕ್ಕದ ಅಂಗಡಿಯವರನ್ನ ಏನೋ ಪೆಟ್ಟಿಗೆ ಪೆಟ್ಟಿಗೆ ಅಂತ ಕೇಳಿದರಂತೆ, ನಮ್ಮನೇಲಿರೋ ಪೆಟ್ಟಿಗೆ ಅದೊಂದೇ ಅಲ್ಲವಾ, ಅವತ್ತು ನೀನು ಹೊತ್ತು ತಂದುಕೊಟ್ಟೆಯಲ್ಲ, ಅವನಿಗೆ ಅದರ ಸುದ್ದೀನೇ ಗೊತ್ತಿಲ್ಲ ಕಣೋ, ನೀನು ಬಂದು ಒಂದು ಮಾತು ಹೇಳ್ತೀಯಾ, ಓದಿದವನು, ನಿನ್ನ ಮಾತು ಕೇಳ್ತಾರೆ. ಗಾಜಿನ ಆಚೆ ಒಬ್ಬ ತಮ್ಮ, ಈಚೆ ಒಬ್ಬ, ನಡುವೆ ಅವಳ ಉಸಿರು, ನಾನು ಹೇಳಿದೆ, ಗಾಬರಿಯಾಗಬೇಡಿ ಅಕ್ಕ, ನೀವು ಮನೇಲಿ ಕೂರಬೇಡಿ, ದೊಡ್ಡ ಠಾಣೆಗೆ ಹೋಗಿ, ನಾನು ಅಲ್ಲಿಗೇ ಬರ್ತೀನಿ. ಏಕೆ ಹಾಗೆಂದೆ, ಯೋಚಿಸಿ ಅಂದದ್ದಲ್ಲ, ಇಷ್ಟು ವರ್ಷ ಪಳಗಿದ ನಾಲಿಗೆ ತಾನಾಗಿ ಆಡಿತು, ಮನೆ ಖಾಲಿಯಾಯಿತು, ಹಾಗೆಂದು ಒಳಗೆ ತಿಳಿಸಿದವನೂ ನಾನೇ, ಐದು ನಿಮಿಷಕ್ಕೆ ಹಲ್ಲುಕಡ್ಡಿ ಇಬ್ಬರ ಕೈಲಿ ಚೀಟಿ ಕಳಿಸಿದ, ಹೀರೇಕಾಯಿಯನ್ನು ಬಳ್ಳಿಯಲ್ಲೇ ಬಿಡಿ, ಪೆಟ್ಟಿಗೆ ಮಾತ್ರ ತನ್ನಿ, ಕೆಳಗೆ ನನಗೆ ಒಂದು ಸಾಲು, ಕೀಲಿ ಕೊಡು, ಗಿಡಕ್ಕೆ ನೀರು ಹಾಕಲೆಂದು ಅವಳು ನನಗೆ ಕೊಟ್ಟಿದ್ದ ಕೀಲಿ, ದಾರ ಕಟ್ಟಿದ ಕೀಲಿ, ಕೊಟ್ಟೆ. ಮತ್ತೆ ಈ ಫೋನಿನ ಮಾತು — ಅವಳ ಲೈನು ನನ್ನದೇ, ಕೇಳುವವನೂ ನಾನೇ, ಬರೆಯುವವನೂ ನಾನೇ, ಸಂಜೆಯೊಳಗೆ ಹಾಳೆ ಹಲ್ಲುಕಡ್ಡಿಯ ಮೇಜಿಗೆ ಹೋಗಬೇಕು, ಟೇಪು ಯಾರೂ ಕೇಳುವುದಿಲ್ಲ, ಓದುವುದು ಕಾಗದವನ್ನೇ, ಹಲ್ಲುಕಡ್ಡಿ ಊಟಕ್ಕೆ ಎದ್ದಾಗ ಟೇಪು ತಿರುಗಿಸಿ ಹಾಕಿ ಕೂತೆ, ಎಲ್ಲಿದೀಯಪ್ಪಾ, ಬರೆದೆ, ನನ್ನ ತಮ್ಮನ್ನ ಕರ್ಕೊಂಡು ಹೋದರಂತೆ, ಬರೆದೆ, ಆಮೇಲೆ ಆ ಸಾಲು ಬಂತು, ಅವತ್ತು ನೀನು ಹೊತ್ತು ತಂದುಕೊಟ್ಟೆಯಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದರೆ ಸಾಕು, ಬೇರೇನೂ ಮಾಡಬೇಕಿಲ್ಲ, ಧೈರ್ಯವೂ ಬೇಡ, ನಿಯಮ ಪಾಲಿಸಿದರಾಯಿತು, ಸಂಜೆಗೆ ಆ ದರ್ಜಿ ಅಂಗಡಿಯಲ್ಲಿರುತ್ತಾನೆ, ನಾನು ಅವನ ಕುರ್ಚಿಯಲ್ಲಿರುತ್ತೇನೆ. ಟೇಪನ್ನು ಮೂರು ಸಲ ಹಿಂದಕ್ಕೆ ತಿರುಗಿಸಿದೆ, ಮೂರು ಸಲವೂ ಅವಳು ಅದನ್ನೇ ಹೇಳಿದಳು, ನಾಲ್ಕನೆಯ ಸಲ ಬರೆದೆ, ಮಾತು ಅಸ್ಪಷ್ಟ. ಮಾತು ಅಸ್ಪಷ್ಟ, ಅದೂ ಅವಳ ಮಾತು, ಗಂಟೆ ಬಾರಿಸಿದ ಹಾಗೆ ಮಾತಾಡುವವಳು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಸಾಲು ನುಂಗಿದೆ, ಕಕ್ಕಸಿಗೆ ಹೋಗಿ ವಾಂತಿ ಮಾಡಲು ನೋಡಿದೆ, ಬರೀ ಹುಳಿನೀರು ಬಂತು, ಕನ್ನಡಿಯಲ್ಲಿ ಬಾಯಿ ಒರೆಸಿಕೊಳ್ಳುವವನನ್ನು ನೋಡಿ ನಿಜವಾಗಿ ಹೇಸಿಗೆಯಾಯಿತು, ಬಂದು ಕೂತು ಅಚ್ಚುಕಟ್ಟಾಗಿ ಪುಟ ಸಂಖ್ಯೆ ಹಾಕಿದೆ.

ಈಗ ಸೋತಿದ್ದಾನೆ, ಧ್ವನಿಯಲ್ಲೇ ಗೊತ್ತಾಗುತ್ತದೆ, ಇಷ್ಟು ಜನರ ಧ್ವನಿ ಸೋಲುವುದನ್ನು ಕೇಳಿದ್ದೇನೆ, ಹಲ್ಲುಕಡ್ಡಿ ಹೇಳುತ್ತಿದ್ದಾನೆ, ನೀನು ತರಲಿಲ್ಲ ಅಂದ್ರೆ ನಿಮ್ಮಕ್ಕನೇ ತಂದಿರಬೇಕು, ಹಾಗಾದ್ರೆ ಅವಳನ್ನೇ ಕೂರಿಸ್ತೀನಿ ಇಲ್ಲಿ, ಟಕ್ ಟಕ್ ನಿಂತಿತು, ಬೇಡ ಸಾರ್, ನಾನೇ ತಂದೆ ಸಾರ್, ಅಕ್ಕನಿಗೆ ಏನೂ ಗೊತ್ತಿಲ್ಲ. ನನ್ನ ಬೆರಳು ಕೇಳಿದ್ದನ್ನು ಬರೆಯಿತು, ನಾನೇ ತಂದೆ ಸಾರ್. ಏನಿತ್ತು ಅದರಲ್ಲಿ, ಹಲ್ಲುಕಡ್ಡಿ ಕೇಳಿದ, ಅವನಿಗೇನು ಗೊತ್ತು ಪಾಪ, ಮುಂಚೆ ನೋಡಿದ್ದರಲ್ಲವೇ, ಬಟ್ಟೆ ಸಾರ್ ಅಂದ, ಸುಳ್ಳು, ಪಾತ್ರೆ ಸಾರ್, ಮತ್ತೆ ಸುಳ್ಳು, ಪುಸ್ತಕ ಇರಬೇಕು ಸಾರ್, ತನಗೆ ಬರಬೇಕಾದ ಉಡುಗೊರೆಯನ್ನು ತಾನೇ ಊಹಿಸುತ್ತಿದ್ದಾನೆ, ಭಾನುವಾರ ನಗುತ್ತಾ ಊಹಿಸಬೇಕಾಗಿದ್ದನ್ನು ಗುರುವಾರ ಬೆವರುತ್ತಾ ಊಹಿಸುತ್ತಿದ್ದಾನೆ, ನಾನು ಒಂದೊಂದನ್ನೂ ಬರೆಯುತ್ತಿದ್ದೇನೆ, ಬಟ್ಟೆ, ಪಾತ್ರೆ, ಪುಸ್ತಕ. ಟೋಪಿ ತೊಟ್ಟವನು ಅವನು, ಟೋಪಿ ಹಾಕಿದವನು ನಾನು.

ಬಾಗಿಲು ತೆರೆಯಿತು, ಇಬ್ಬರು ಒಂದು ಗೋಣಿಚೀಲ ತಂದು ಮೇಜಿನ ಮೇಲೆ ಸುರಿದರು, ಪೆಟ್ಟಿಗೆಯಿಲ್ಲ, ಮೆಷಿನ್ನೂ ಇಲ್ಲ, ಬರೀ ತುಂಡುಗಳು, ಒಳಗೇನೋ ಅಡಗಿಸಿದ್ದಾರೆಂದು ಒಂದೊಂದು ಸ್ಕ್ರೂ ಬಿಚ್ಚಿ ನೋಡಿದ್ದಾರೆ, ಬಿಚ್ಚಲು ಬಾರದ್ದನ್ನು ಒಡೆದಿದ್ದಾರೆ, ಕಬ್ಬಿಣದ ಮೈ ಎರಡು ಹೋಳು, ಎಣ್ಣೆಯಲ್ಲಿ ಅದ್ದಿದ ಹಲ್ಲುಗಳು, ಮೊಳೆಗಳು, ಒಂದು ಚಕ್ರ. ದರ್ಜಿ ನೋಡುತ್ತಿದ್ದಾನೆ, ಮೊದಲು ಅವನಿಗೆ ತಿಳಿಯಲಿಲ್ಲ, ಆಮೇಲೆ ಕೈ ಮುಂದೆ ಬಂತು, ಅವನಿಗಿಂತ ಮೊದಲು ಅವನ ಕೈಗೆ ತಿಳಿಯಿತು, ತುಂಡುಗಳನ್ನು ಸರಿಸಿ ಸರಿಸಿ ಸಾಲಾಗಿ ಇಡುತ್ತಿದೆ, ಮುಖ ಬಿಚ್ಚಿಕೊಳ್ಳುತ್ತಿದೆ, ಅಯ್ಯೋ, ಅದು ನಗುವೇ, ಮುಖ ನೋಡಬೇಕು ಅವನದು ಅಂದಿದ್ದಳಲ್ಲ, ನೋಡುತ್ತಿರುವವನು ನಾನು. ಹಲ್ಲುಕಡ್ಡಿ ಕೇಳಿದ, ಯಾರದು ಇದು, ಅವನು ತಲೆ ಎತ್ತಲಿಲ್ಲ, ಮೆಲ್ಲಗೆ, ಈಗಷ್ಟೇ ಯಾರೋ ಹೇಳಿದ್ದನ್ನು ನಂಬಲಾರದವನ ಹಾಗೆ ಅಂದ, ನನ್ನದು. ಹಲ್ಲುಕಡ್ಡಿ ಗಾಜಿನ ಕಡೆ ತಿರುಗಿ ಬೆರಳು ಎತ್ತಿದ, ಬರ್ಕೋ, ಒಪ್ಪಿಕೊಂಡ, ನಾನು ಬರೆದೆ, ನನ್ನದು, ಮುಂದಿನದು ಬರೆಯಬೇಕು, ಮುಂದೆ ಮಾತೇ ಇಲ್ಲ, ಸದ್ದಿಲ್ಲ, ಅವನು ಆ ಚಕ್ರವನ್ನು ಎತ್ತಿಕೊಂಡಿದ್ದಾನೆ, ಎಡಗೈಯ ಬೆರಳನ್ನು ಅದರ ತೂತಿಗೆ ತೂರಿಸಿ ಗಾಳಿಯಲ್ಲಿ ಹಿಡಿದಿದ್ದಾನೆ, ಬಲಗೈಯ ಟೋಪಿಯ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾನೆ, ಚಕ್ರ ತಿರುಗುತ್ತದೆ, ನಿಲ್ಲುವಾಗ ಮತ್ತೆ ತಟ್ಟುತ್ತಾನೆ, ತಿರುಗುತ್ತದೆ, ಕೆಳಗೆ ಸೂಜಿಯಿಲ್ಲ, ದಾರವಿಲ್ಲ, ಬಟ್ಟೆಯಿಲ್ಲ, ಬರೀ ಚಕ್ರ, ತಿರುಗುತ್ತದೆ, ಇದನ್ನು ಹೇಗೆ ಬರೆಯಲಿ, ಬೆರಳು ತಟ್ಟುತ್ತದೆ, ಚಕ್ರ —