ಪಂಚರ ಒಪ್ಪಿಗೆ

ಬನಹಟ್ಟಿಯ ನೇಕಾರರ ಓಣಿಯಲ್ಲಿ ರಾಮಲಿಂಗಪ್ಪನಿಗೆ ದೊಡ್ಡ ಹೆಸರು ಬಂದದ್ದು ನೇಯ್ದ ಸೀರೆಗಳಿಂದಲ್ಲ, ಬರೆದ ಅರ್ಜಿಗಳಿಂದ. ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಊರಿಗೆ ಪ್ಲೇಗು ಬಂದಿತ್ತು. ಆಗಿನ ಆರೋಗ್ಯ ಖಾತೆಯ ಸಾಹೇಬ ಮೊದಲೇ ಕೋತಿ, ಮೇಲೆ ಅಧಿಕಾರದ ಹೆಂಡ ಕುಡಿದಿದ್ದ. ಪೊಲೀಸರನ್ನು ಕಟ್ಟಿಕೊಂಡು ಬಂದು, ಹೇಳದೆ ಕೇಳದೆ ಮನೆ ಹೊಕ್ಕು, ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ ಹಾಸುಗಳನ್ನು ಕತ್ತರಿಸಿ ಹಾಕಿಸಿದ. ಬಾಣಂತಿ, ಮುದುಕಿ ಎನ್ನದೆ ಎಲ್ಲರನ್ನೂ ಹೊಲದ ಗುಡಿಸಲಿಗೆ ಅಟ್ಟಿದ.

ರಾಮಲಿಂಗಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಜಮಖಂಡಿಗೂ ಬಿಜಾಪುರಕ್ಕೂ ಚಪ್ಪಲಿ ಸವೆಯುವಂತೆ ಅಲೆದ. ಕೊನೆಗೆ ಹುಕುಂ ಬಂತು: ಓಣಿಯ ಇಬ್ಬರು ಪಂಚರು ಒಪ್ಪದೆ ಇನ್ನು ಯಾವ ಮನೆಯನ್ನೂ ಖಾಲಿ ಮಾಡಿಸುವಂತಿಲ್ಲ. ಒಬ್ಬ ಪಂಚ ರಾಮಲಿಂಗಪ್ಪನೇ, ಇನ್ನೊಬ್ಬ ವರಸೆಯಲ್ಲಿ ಅವನನ್ನು ಕಾಕಾ ಎನ್ನುವ ಎದುರುಮನೆಯ ಚನಮಲ್ಲಪ್ಪ. ಅದು ನ್ಯಾಯವಾಗಿಯೇ ಇತ್ತು. ಆ ಅವಮಾನ ಉಂಡವರಾರೂ ಅದನ್ನು ತಪ್ಪೆನ್ನಲಾರರು.

ಒಂದೆರಡು ವರ್ಷ ಕಳೆದು, ಸುಗ್ಗಿಯ ಚಳಿಯಲ್ಲಿ ಮತ್ತೆ ಇಲಿಗಳು ಸತ್ತು ಬೀಳತೊಡಗಿದವು. ಈ ಸಲ ಬಂದವನು ಗಿರಿಮಲ್ಲಪ್ಪನೆಂಬ ಹೊಸ ಇನ್‌ಸ್ಪೆಕ್ಟರ್, ಮೆತ್ತಗಿನ ಮನುಷ್ಯ. ರಾಮಲಿಂಗಪ್ಪನ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಪಕ್ಕದ ಮನೆಯಲ್ಲಿ ಇಲಿ ಸತ್ತಿದೆ, ಇವತ್ತೇ ಓಣಿ ಬಿಡಬೇಕು ಎಂದು ಕೈಮುಗಿದ.

ಒಳಗೆ ಮಗಳು ಅನಸವ್ವ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ತನ್ನ ಮದುವೆಯ ಸೀರೆಯನ್ನೇ ನೇಯುತ್ತಿದ್ದಳು. ಸೆರಗೊಂದು ಉಳಿದಿತ್ತು. ಮದುವಣಗಿತ್ತಿಯ ಸೀರೆಯನ್ನು ಅರ್ಧಕ್ಕೆ ಕತ್ತರಿಸಿದರೆ ಅವಳ ಬಾಳನ್ನೇ ಕತ್ತರಿಸಿದಂತೆ ಎಂದು ಆ ಮನೆಗಳಲ್ಲಿ ನಂಬುತ್ತಾರೆ. ಹಾಗೇ ಬಿಟ್ಟು ಹೋಗೋಣವೆಂದರೆ, ಗಂಜಿ ಹಚ್ಚಿದ ಹಾಸು. ಖಾಲಿ ಮನೆಯಲ್ಲಿ ಇಲಿಗಳಿಗೆ ಹಬ್ಬ. ಸೆರಗು ಮುಗಿಯಲಿ, ಆಮೇಲೆ ನೋಡೋಣ ಎಂದ ರಾಮಲಿಂಗಪ್ಪ. ಹಾಗೆನ್ನುವಾಗ ಅವನ ದನಿಯಲ್ಲಿ ಗೆದ್ದವನ ಗತ್ತೂ ಇತ್ತು.

"ನನ್ನ ಕೈ ಕಟ್ಟಿ ಹಾಕ್ಯಾರ್ರಿ," ಎಂದ ಗಿರಿಮಲ್ಲಪ್ಪ. "ಕಟ್ಟಿದವ್ರು ನೀವು. ಬಿಚ್ಚಾವ್ರೂ ನೀವ."

ರಾಮಲಿಂಗಪ್ಪ ಬಿಚ್ಚಲಿಲ್ಲ. ಹೆಂಡತಿ ಸಾವಕ್ಕ ಒಂದು ಮಾತು ಆಡಲು ಬಾಯಿ ತೆರೆದಳು. ಗಂಡನ ಮುಖ ನೋಡಿ ಒಳಗೆ ಹೋಗಿ ಮಗಳಿಗೆ ನೂಲು ಸುತ್ತಿಕೊಡತೊಡಗಿದಳು.

ಸೆರಗು ಮುಗಿಯಿತು. ಸೀರೆ ಮಡಚಿಟ್ಟ ದಿನವೇ ಅನಸವ್ವನಿಗೆ ಮೈ ಕೆಂಡವಾಯಿತು. ತೊಡೆಸಂದಿಯಲ್ಲಿ ಗಂಟು ಎದ್ದಿತು. ಮಗ್ಗದ ಕುಣಿಯಲ್ಲಿ, ಅವಳ ಕಾಲಡಿಯ ಮೂಲೆಯಲ್ಲಿ, ಒಂದು ಇಲಿ ಸತ್ತು ಒಣಗಿದ್ದು ಆಗ ಕಂಡಿತು. ಹುಡುಗಿ ಬಹಳ ದಿನ ನರಳಲಿಲ್ಲ, ಅಷ್ಟೇ ಪುಣ್ಯ. ಹೊಸ ಸೀರೆಯನ್ನು ಸಾವಕ್ಕ ತಾನೇ ಉಡಿಸಿ ಕಳಿಸಿದಳು.

ಮಣ್ಣು ಮಾಡಿ ಬಂದ ರಾಮಲಿಂಗಪ್ಪ ಸೀದಾ ಎದುರುಮನೆಗೆ ಹೋದ. ಓಣಿ ಬಿಡಿಸೋಣ, ನಾನು ಸಹಿ ಹಾಕುತ್ತೇನೆ, ನೀನೂ ಹಾಕು ಎಂದ. ಚನಮಲ್ಲಪ್ಪನ ಮಗ್ಗದಲ್ಲಿ ಸೊಸೆ ಬೋರವ್ವ ಕೂತಿದ್ದಳು. ಅವನು ಸೊಸೆಯ ಕಡೆ ನೋಡಿದ, ಹಾಸಿನ ಕಡೆ ನೋಡಿದ.

"ನಿಮ್ಮ ಸೀರಿ ಮುಗೀತು ಕಾಕಾ," ಎಂದ ತಲೆ ತಗ್ಗಿಸಿ. "ನಮ್ಮದೂ ಮುಗೀಲಿ."

ಅದರಲ್ಲಿ ಚುಚ್ಚುಮಾತಿರಲಿಲ್ಲ. ಕಾಕಾ ಕಲಿಸಿದ್ದನ್ನೇ ಅವನು ಒಪ್ಪಿಸಿದ್ದ. ರಾಮಲಿಂಗಪ್ಪ ಗಿರಿಮಲ್ಲಪ್ಪನಲ್ಲಿಗೆ ಓಡಿದ. ಪೊಲೀಸರನ್ನು ಕರೆಸಿರಿ, ಅಂದಿನ ಸಾಹೇಬ ಮಾಡಿದ ಹಾಗೆಯೇ ಮಾಡಿರಿ ಎಂದು ಕಾಲು ಹಿಡಿದ. ಒಬ್ಬ ಪಂಚನ ಒಪ್ಪಿಗೆ ಸಾಲದು, ಮೇಲಿನವರನ್ನು ಕೇಳಬೇಕು, ಉತ್ತರ ಬರುವ ತನಕ ತಾನೇನೂ ಮಾಡಲಾರೆ ಎಂದ ಇನ್‌ಸ್ಪೆಕ್ಟರ್. ಅವನ ಕಣ್ಣಲ್ಲೂ ನೀರಿತ್ತು, ಆದರೆ ಕಣ್ಣೀರಿನಿಂದ ಓಣಿ ಖಾಲಿಯಾಗುತ್ತದೆಯೇ?

ರಾಮಲಿಂಗಪ್ಪ ತಿರುಗಿ ಬಂದ. ಮನೆಯಿಂದ ಕತ್ತರಿ ತೆಗೆದುಕೊಂಡು ಎದುರುಮನೆ ಹೊಕ್ಕ. ಬೋರವ್ವ ಗಾಬರಿಯಾಗಿ ಕುಣಿಯಿಂದ ಕಾಲೆಳೆದುಕೊಂಡಳು. ಜನ್ಮವೆಲ್ಲ ನೂಲು ಕಟ್ಟಿದ ಕೈಗಳು ಆ ಹಾಸನ್ನು ಅಡ್ಡಕ್ಕೆ ಕತ್ತರಿಸಿ ಹಾಕಿದವು. ಚನಮಲ್ಲಪ್ಪ ಅವನ ಕುತ್ತಿಗೆಗೆ ಕೈಹಾಕಿ ಹೊರಗೆ ದಬ್ಬಿದ. ಇವನು ಎದ್ದು ಮುಂದಿನ ಮನೆಗೆ, ಅದರ ಮುಂದಿನ ಮನೆಗೆ ಹೋಗಿ ಅಲ್ಲಿನ ಹಾಸುಗಳನ್ನೂ ಕತ್ತರಿಸಿದ. ಮಗಳು ಸತ್ತು ಹುಚ್ಚು ಹಿಡಿದಿದೆ ಎಂದರು, ಕಲ್ಲೂ ಬಿದ್ದವು. ನೇಯಲು ಹಾಸೇ ಇಲ್ಲದ ಮೇಲೆ ಮನೆಯಲ್ಲಿ ಕೂತು ಮಾಡುವುದಾದರೂ ಏನು? ಹೊತ್ತು ಮುಳುಗುವ ಮೊದಲು ಓಣಿಯವರು ಅವನಿಗೆ ಶಾಪ ಹಾಕುತ್ತ ಗುಡಿಸಲುಗಳ ದಾರಿ ಹಿಡಿದರು.

ಹಣೆಯಿಂದ ರಕ್ತ ಇಳಿಯುತ್ತಿತ್ತು. ರಾಮಲಿಂಗಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತ. ಸಾವಕ್ಕ ಹಾಸಿಗೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಹೊರಗೆ ಬಂದಳು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

"ಇದನ್ನ ಮೊದಲ ನಮ್ಮ ಮನ್ಯಾಗ ಯಾಕ ಮಾಡಲಿಲ್ರಿ?"