ಎರಿ ಮುರಿಯದ ಹಾಗೆ

ರಿಪ್ಪನ್‌ಪೇಟೆಯಲ್ಲಿ ಸುನಿಲ್ ಕೈಯಾಡಿಸಿದ ಜೀಪು ಹತ್ತು ಜನರನ್ನು ಹೇರಿಕೊಂಡು ಕೊಡಚಾದ್ರಿ ಹತ್ತಿದರೂ ಜಗ್ಗುತ್ತಿರಲಿಲ್ಲ. ಗ್ಯಾರೇಜಿಗೆ ಹೆಸರು ಬಂದದ್ದೇ ಅದರಿಂದ. ಶ್ರೀಗೌರಿ ಹಳೆಯ ಜೀಪೊಂದನ್ನು ತಂದು ಗಟ್ಟಿ ಮಾಡಿಕೊಡು ಎಂದಾಗ, ಏನು ಸಾಗಿಸಲಿಕ್ಕೆ ಎಂದು ಅವನು ಕೇಳಲೇ ಇಲ್ಲ. ಹಿಂದಿನ ಸ್ಪ್ರಿಂಗುಗಳಿಗೆ ಎರಡೆರಡು ಪ್ಲೇಟು ಹೆಚ್ಚಿಗೆ ಸೇರಿಸಿ ಕಳಿಸಿದ.

ಅವಳು ಸಾಗಿಸುವುದು ಜೇನುಪೆಟ್ಟಿಗೆ. ಸೋಮವಾರ ನಿಟ್ಟೂರಿನಿಂದ ಆರು ತಂದಳು. ಮೂರರಲ್ಲಿ ತುಪ್ಪ ತುಂಬಿದ ಮೇಣದ ಎರಿ ಮುರಿದು ಬಿದ್ದು, ಹುಳುಗಳು ತಮ್ಮದೇ ತುಪ್ಪದಲ್ಲಿ ಮುಳುಗಿ ಸತ್ತಿದ್ದವು. ಗುರುವಾರ ಗ್ಯಾರೇಜಿಗೆ ಬಂದಳು.

"ಇದು ಜೀಪಾ, ಒರಳಾ? ಹುಳಾನೆಲ್ಲ ಅರೆದು ಇಟ್ಯಲ್ಲ ಮಾರಾಯ."

"ಗಟ್ಟಿ ಮಾಡು ಅಂದೋರು ನೀವೇ ಅಲ್ವಾ ಗೌರಕ್ಕ?"

"ಅಂದೆ. ಕುಣಿಸು ಅಂದಿರ್ಲಿಲ್ಲ. ಇನ್ನೂ ಒಂಬತ್ತು ಪೆಟ್ಟಿಗೆ ಅಲ್ಲೇ ಇದಾವೆ. ಹೂವು ಮುಗ್ದು ಹೋಗಿದೆ. ನಾಳೆ ತರ್ದಿದ್ರೆ ಹುಳ ಹಾರಿ ಹೋಗ್ತವೆ."

ಸುನಿಲ್ ಜಾಕಿ ಕೊಟ್ಟ. ತಾನು ಹಾಕಿದ್ದ ಪ್ಲೇಟುಗಳನ್ನು ತೆಗೆದ, ಉಳಿದವುಗಳ ನಡುವೆ ಗ್ರೀಸು ಮೆತ್ತಿದ, ಶಾಕ್ ಅಬ್ಸಾರ್ಬರ್ ಬದಲಿಸಿದ. ಪಕ್ಕದ ಹೋಟೆಲಿನ ಪುಷ್ಪಮ್ಮನ ಹಾಲಿನ ಪಾತ್ರೆಗೆ ನೀರು ತುಂಬಿ, ಹಿಂದೆ ಇಟ್ಟು, ಮಣ್ಣಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ಅರ್ಧ ಪಾತ್ರೆ ಖಾಲಿ. ಟಯರಿನ ಗಾಳಿ ಇಳಿಸಿ, ಪಾತ್ರೆ ತುಂಬಿ ಮತ್ತೆ ಹೋದ. ಕಾಲು ಪಾತ್ರೆ ಖಾಲಿ.

"ನನ್ ಪಾತ್ರೆ ನೆಗ್ಗಿದ್ರೆ ನಾಳೆ ನಿಂಗೆ ಚಾ ಇಲ್ಲ" ಎಂದಳು ಪುಷ್ಪಮ್ಮ.

ಸಂಜೆ ಹೊತ್ತಿಗೆ ಅವನಿಗೆ ಹೊಳೆಯಿತು. ಭಾರ ಇದ್ದರೆ ತಾನೇ ಸ್ಪ್ರಿಂಗು ಬಾಗುವುದು. ಒಂಬತ್ತು ಪೆಟ್ಟಿಗೆಯ ತೂಕ ಇಬ್ಬರು ಮನುಷ್ಯರಷ್ಟೂ ಆಗದು. ನಾಲ್ಕು ಮರಳಿನ ಚೀಲ ಹಾಕಿ ಮತ್ತೆ ಸುತ್ತು ಹೊಡೆದ. ಪಾತ್ರೆಯ ಅಂಚು ಮಾತ್ರ ಒದ್ದೆಯಾಗಿತ್ತು. ಇಡೀ ದಿನ ಸ್ಪ್ಯಾನರ್ ಹಿಡಿದು ಕಡೆಗೆ ಮರಳು ಹೊರಬೇಕಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಅವನೂ ನಿಟ್ಟೂರಿಗೆ ಹೋದ. ಬರುವಾಗ, ಬಾಯಿಗೆ ಜಾಲರಿ ಕಟ್ಟಿದ ಪೆಟ್ಟಿಗೆಗಳ ನಡುವೆ, ಹಿಂದೆಯೇ ಕುಕ್ಕರುಗಾಲಲ್ಲಿ ಕೂತ.

"ಮುಂದೆ ಸೀಟಿಲ್ವಾ?"

"ಮುಂದೆ ಕೂತ್ರೆ ಇಲ್ಲಿ ಏನಾಗ್ತದೆ ಅಂತ ಗೊತ್ತಾಗಲ್ಲ. ನೀವು ಗಾಡಿ ಬಿಡಿ."

ಮೋರಿಯೊಂದನ್ನು ದಾಟುವಾಗ ಎಡಗಡೆಯಿಂದ ಒಂದು ಪೆಟ್ಟು ಬಂತು. ಅವನ ಕೈಯಡಿಯ ಪೆಟ್ಟಿಗೆಯ ಗುಂಯ್‌ಗುಡುವಿಕೆ ಏರಿತು, ಇಳಿಯಲಿಲ್ಲ.

ಶ್ರೀಗೌರಿಯ ಹಿತ್ತಿಲಲ್ಲಿ ಮುಚ್ಚಳ ತೆಗೆದಾಗ ಎಂಟು ನೆಟ್ಟಗಿದ್ದವು. ಆ ಒಂದರಲ್ಲಿ ಎರಿಯೊಂದು ಕಳಚಿತ್ತು. ಅವಳು ಅದನ್ನು ಮೆಲ್ಲಗೆ ಎತ್ತಿ ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟಿದಳು. ಚೌಕಟ್ಟು ಹಿಡಿದಿದ್ದ ಸುನಿಲ್‌ನ ಕೈಗೆ ಹುಳುಗಳು ಎರಡು ಕಡೆ ಕಚ್ಚಿದವು. ಕೈ ಬಿಡಲಿಲ್ಲ.

"ರಾಣಿ ಇದೆ. ಬದುಕ್ತವೆ" ಎಂದಳು.

ಅವನು ಜೀಪಿನಡಿ ತೂರಿ ನೋಡಿದ. ಎಡಗಡೆ ಸ್ಪ್ರಿಂಗಿನ ತುದಿ ತೂಗಾಡಬೇಕಾದ ಕೊಂಡಿಯ ಬೋಲ್ಟನ್ನು ಅವನೇ ಅಲ್ಲಾಡದಂತೆ ಬಿಗಿದಿದ್ದ; ಆ ಕಡೆ ಸ್ಪ್ರಿಂಗು ಸರಿಯಾಗಿ ಬಾಗಿಯೇ ಇರಲಿಲ್ಲ.

"ತಪ್ಪು ನಂದೇ ಗೌರಕ್ಕ" ಎಂದ ಒಳಗಿನಿಂದಲೇ.

"ಮೊದ್ಲು ಹೊರಗೆ ಬಂದು ಕಚ್ಚಿದಲ್ಲಿ ಸುಣ್ಣ ಹಚ್ಕೊ. ನಾಡಿದ್ದು ತೀರ್ಥಹಳ್ಳಿಗೆ ನಾಲ್ಕು ಪೆಟ್ಟಿಗೆ ಕೊಟ್ಟು ಬರ್ಬೇಕು. ಹಿಂದೆ ಕೂರೋದಕ್ಕೆ ಬರ್ತೀಯಾ?"

"ಬರ್ತೀನಿ" ಎಂದು ಸ್ಪ್ಯಾನರಿಗಾಗಿ ಊದಿದ ಕೈಯನ್ನು ಹೊರಗೆ ಚಾಚಿದ.