ಮುಖದ ಕೆಳಗಿನ ಹಸಿರು

ಆ ಟೈಲ್ಸ್ ಅಂಗಡಿ ಯಜಮಾನನನ್ನು ಕಂಡರೆ ನನಗೆ ಮೊದಲ ದಿನವೇ ಮೈ ಉರಿದಿತ್ತು. ಹೊಸ ಶೋರೂಮಿನಲ್ಲಿ ತನ್ನ ಕುರ್ಚಿಯ ಹಿಂದೆ ತೂಗುಹಾಕಲು ಹೆಂಡತಿಯ ಚಿತ್ರ ಬೇಕಂತೆ. ಫೋಟೋ ಸಾಲದಂತೆ, ಕೈಯಲ್ಲೇ ಬರೆದದ್ದು ಬೇಕಂತೆ. ಅವಳನ್ನು ಕತ್ತಿನ ಹಿಂಭಾಗ ಹಿಡಿದು ನನ್ನ ಸ್ಟುಡಿಯೋದ ಕುರ್ಚಿಯಲ್ಲಿ ಕೂರಿಸಿದ, ಗಿರಾಕಿಯ ಮುಂದೆ ಟೈಲ್ಸ್ ಸ್ಯಾಂಪಲ್ ಇಡುವ ಹಾಗೆ.

"ನಗ್ತಾ ಇರ್ಬೇಕು ಮೇಡಂ. ನಮ್ಮವಳು ಸುಖವಾಗಿದಾಳೆ ಅಂತ ನೋಡಿದವರಿಗೆ ಗೊತ್ತಾಗ್ಬೇಕು," ಅಂದ.

"ನಗೋದು ಅವರಿಗೆ ಬಿಟ್ಟಿದ್ದು. ನಾನು ಇದ್ದದ್ದನ್ನ ಬರೀತೀನಿ," ಅಂದೆ. ಅವನಿಗೆ ಅದು ತಮಾಷೆಯಾಗಿ ಕೇಳಿಸಿತು.

ಆಮೇಲೆ ಅವಳು ಒಬ್ಬಳೇ ಬರತೊಡಗಿದಳು. ಮುಖದ ತುಂಬ ಪೌಡರು, ಎಂಥ ಸೆಕೆಯಲ್ಲೂ ಕತ್ತಿಗೆ ಸುತ್ತಿದ ಸ್ಕಾರ್ಫು. ಬಾಯಿ ಬಿಟ್ಟರೆ ಮುತ್ತು ಉದುರಿಬಿಡುತ್ತದೇನೋ ಎನ್ನುವಂತೆ ಕೂತಿರುತ್ತಿದ್ದಳು. ನಾನೋ ಕೆಲಸ ಮಾಡುವಾಗ ವಟವಟ ಅನ್ನುವವಳು. ಒಂದು ದಿನ ನನ್ನ ಮಾತಿನ ನಡುವೆಯೇ ಮೆಲ್ಲಗೆ ಹೇಳಿದಳು:

"ಬೇಗ ಮುಗಿಸ್ಬೇಡಿ ಅಕ್ಕಾ. ಇಲ್ಲಿ ಕೂತಿರೋವಷ್ಟು ಹೊತ್ತು ನನ್ನನ್ನ ಯಾರೂ ಮುಟ್ಟಲ್ಲ."

"ಹೊಡೀತಾನಾ?" ಎಂದು ಕೇಳಿದರೆ ಕಿಟಕಿಯ ಕಡೆ ನೋಡಿದಳು. ಮತ್ತೆ ಎಷ್ಟು ಕೆದಕಿದರೂ ತುಟಿ ಪಿಟಕ್ಕೆನ್ನಲಿಲ್ಲ. ನನ್ನಿಂದ ಆಗುವುದು ಒಂದೇ ಇತ್ತು, ಅದನ್ನು ಮಾಡಿದೆ. ಒಣಗಿಲ್ಲ ಅಂದೆ, ಬೆಳಕು ಸರಿಯಿಲ್ಲ ಅಂದೆ, ಚೆನ್ನಾಗಿಯೇ ಬಂದಿದ್ದ ಕೈಬೆರಳುಗಳನ್ನು ಕೆರೆದು ತೆಗೆದು ಮತ್ತೆ ಬರೆದೆ.

ಮುಖ ಬರೆಯುವುದಕ್ಕೆ ನನ್ನದೊಂದು ಕ್ರಮವಿದೆ. ಮೊದಲು ಇಡೀ ಮುಖವನ್ನು ಮಾಸಲು ಹಸಿರಿನಲ್ಲಿ ಬರೆಯುತ್ತೇನೆ. ನೆರಳು ಬೀಳುವ ಕಡೆಗಳಲ್ಲಿ, ಅಂದರೆ ಕಣ್ಣಿನ ಕೆಳಗೆ, ಕಿವಿಯ ಹಿಂದೆ, ದವಡೆಯ ಅಡಿಯಲ್ಲಿ, ಹಸಿರು ಗಾಢ. ಅದು ಒಣಗಿದ ಮೇಲೆ ತೆಳ್ಳಗೆ ಕೆಂಪು, ಹಳದಿ ಹಚ್ಚಿದರೆ ಚರ್ಮಕ್ಕೆ ಜೀವ ಬರುತ್ತದೆ. ಅಲ್ಲಿಯವರೆಗೆ ಯಾರ ಮುಖವಾದರೂ ನೀರಲ್ಲಿ ನೆನೆದ ಹೆಣದ ಹಾಗೆಯೇ. ಅದಕ್ಕೇ ಅರ್ಧ ಕೆಲಸವನ್ನು ಗಿರಾಕಿಗಳಿಗೆ ತೋರಿಸುವುದಿಲ್ಲ.

ಅವಳ ಗಂಡ ಹೇಳಿ ಕೇಳಿ ಬರುವ ಪೈಕಿಯಲ್ಲ. ಚಿತ್ರದಲ್ಲಿ ಮುಖ ಇನ್ನೂ ಹಸಿರಾಗಿಯೇ ಇದ್ದಾಗ, ಅವಳು ಎದುರು ಕೂತಿದ್ದಂತೆಯೇ ಒಂದು ದಿನ ಬಾಗಿಲು ದಬ್ಬಿಕೊಂಡು ಬಂದ. "ಇನ್ನೂ ಎಷ್ಟು ಎಳೀತೀರಾ?" ಎನ್ನುತ್ತ, ಚಿತ್ರ ನಿಲ್ಲಿಸಿದ್ದ ಈಸಲ್ ಮುಂದೆ ನಿಂತವನ ಮುಖ ಬಿಳುಚಿಕೊಂಡಿತು.

"ಇದು ಹೇಗೆ ಗೊತ್ತಾಯ್ತು ನಿಮಗೆ?" ಅವನ ಬೆರಳು ಕಿವಿಯ ಹಿಂದಿನ ಹಸಿರಿನ ಮೇಲಿತ್ತು. "ಕೂದಲೊಳಗಿರೋದು ಇದು, ಯಾರಿಗೂ ಕಾಣಲ್ಲ. ಈ ದವಡೆದು ನಾನು ಮಾಡಿದ್ದಲ್ಲ, ಅವಳೇ ಮೆಟ್ಟಿಲಿಂದ ಬಿದ್ಲು. ಕಣ್ಣಿಂದು ವಾಸಿಯಾಗಿ ಎಷ್ಟೋ ಕಾಲ ಆಯ್ತು!" ಅವಳತ್ತ ತಿರುಗಿದ. "ಎಲ್ಲಾ ಬಾಯಿಬಿಟ್ಟಿದೀಯಾ ಇವಳ ಹತ್ರ?"

"ನಾನೇನೂ ಹೇಳಿಲ್ಲ..."

ಮಾತು ಮುಗಿಯುವ ಮೊದಲೇ ಏಟು ಬಿತ್ತು. ಕುರ್ಚಿ ಸಮೇತ ಹಿಂದಕ್ಕೆ ಉರುಳಿದಳು, ತಲೆ ಗೋಡೆಗೆ ಬಡಿಯಿತು. ಕೂದಲು ಹಿಡಿದೆತ್ತಿ ಮತ್ತೆ ಬಾರಿಸಿದ. ತುಟಿ ಒಡೆದು ರಕ್ತ ಪೌಡರಿನ ಮೇಲೆ ಇಳಿಯಿತು. ನಾನು ಹಿಂದಿನಿಂದ ಅವನ ಮೇಲೆ ಬಿದ್ದೆ. ಮೊಣಕೈಯಿಂದ ಎದೆಗೆ ಗುದ್ದಿದ, ಬಣ್ಣದ ಮೇಜಿನ ಸಮೇತ ನಾನೂ ನೆಲಕ್ಕೆ. ಉಸಿರೇ ಹೊರಡಲಿಲ್ಲ. ಕ್ಯಾನ್ವಾಸ್ ಕತ್ತರಿಸುವ ನನ್ನ ಚೂರಿಯಿಂದಲೇ ಚಿತ್ರವನ್ನು ಹಣೆಯಿಂದ ಕತ್ತಿನವರೆಗೆ ಸೀಳಿದ. ಆಮೇಲೆ ಚೂರಿ ಹಿಡಿದು ಅವಳ ಕಡೆ ತಿರುಗಿದ. ಚಿತ್ರಕ್ಕೆ ಮಾಡಿದ್ದನ್ನೇ ಅವಳಿಗೂ ಮಾಡುತ್ತಾನೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಕೈಗೆ ಸಿಕ್ಕಿದ್ದು ಬಣ್ಣ ತೆಳುಮಾಡುವ ಟರ್ಪೆಂಟೈನ್ ಡಬ್ಬಿ. ಕಣ್ಣಿಗೆ ಎರಚಿದೆ. ಅವನು ಕಿರುಚುತ್ತ ಚೂರಿಯನ್ನು ಗಾಳಿಯಲ್ಲಿ ಬೀಸಿದ. ಅವಳು ತೆವಳಿಕೊಂಡು ಬಂದು, ಕ್ಯಾನ್ವಾಸ್ ಎಳೆದು ಬಿಗಿಯುವ ಕಬ್ಬಿಣದ ಇಕ್ಕಳ ಎತ್ತಿ ಆ ಕೈಗೇ ಹೊಡೆದಳು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಚೂರಿ ಬಿತ್ತು. ಮತ್ತೆ ಹೊಡೆದಳು, ಮತ್ತೆ. ಸಾಕು ಅನ್ನಬೇಕಿತ್ತು ನಾನು, ಅನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು.

ಅವನು ಗೋಡೆಗೊರಗಿ, ಮುರಿದ ಕೈಯನ್ನು ಎದೆಗವಚಿಕೊಂಡು ಗೊಳೋ ಎಂದು ಅಳುತ್ತಿದ್ದ. "ಅವಳು ಹೇಳಿಲ್ಲ ಅಂದ್ರೆ ನೀವು ಹೇಗೆ ಬರೆದ್ರಿ?"

ಗೋಡೆಗೆ ಮುಖ ಮಾಡಿಸಿಟ್ಟಿದ್ದ ಬೇರೆ ಗಿರಾಕಿಗಳ ಅರ್ಧ ಮುಗಿದ ಕ್ಯಾನ್ವಾಸುಗಳನ್ನು ತಿರುಗಿಸಿದೆ. ನಿವೃತ್ತ ಹೆಡ್‌ಮಾಸ್ಟರು, ಒಬ್ಬ ಹಲ್ಲಿನ ಡಾಕ್ಟರಮ್ಮ, ಇನ್ನೂ ಹಲ್ಲು ಬಾರದ ಒಂದು ಮಗು. ಎಲ್ಲರೂ ಹಸಿರು. ಕಣ್ಣ ಕೆಳಗೆ, ಕಿವಿಯ ಹಿಂದೆ, ದವಡೆಯ ಅಡಿ ಗಾಢ ಹಸಿರು.

"ಮೊದಲು ಎಲ್ಲರಿಗೂ ಇದೇ ಬಣ್ಣ ಕಣಯ್ಯ. ಹೇಳಿದ್ದು ನೀನೇ."

ಉರಿಯುವ ಕಣ್ಣುಗಳನ್ನು ಕಷ್ಟದಲ್ಲಿ ತೆರೆದು ಮಗುವಿನ ಮುಖ ನೋಡಿದ. ಆಮೇಲೆ ತಲೆ ಎತ್ತಲಿಲ್ಲ.

ನಾನು ಪೊಲೀಸರಿಗೆ ಫೋನ್ ಮಾಡಿ ತಿರುಗುವಷ್ಟರಲ್ಲಿ ಅವಳು ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತಿದ್ದಳು. ಸ್ಕಾರ್ಫ್ ಬಿಚ್ಚಿ ಅದರಿಂದಲೇ ರಕ್ತ, ಪೌಡರು ಎಲ್ಲ ಒರೆಸಿಕೊಳ್ಳುತ್ತಿದ್ದಳು. ಕತ್ತಿನ ಮೇಲೆ ಬೆರಳುಗಳ ಗುರುತು, ಒಂದೊಂದೂ ಸ್ಪಷ್ಟವಾಗಿ, ನನ್ನ ಹಸಿರೇ.

"ಹೊಸ ಕ್ಯಾನ್ವಾಸ್ ತಗೊಳ್ಳಿ ಅಕ್ಕಾ," ಅಂದಳು, ಒಡೆದ ತುಟಿಯಲ್ಲೇ. "ಈ ಸಲ ಬೇಗ ಮುಗಿಸಿದ್ರೂ ಪರವಾಗಿಲ್ಲ."